ಪೆನ್ ಡ್ರೈವಿಗೆ ಹಿಡಿಸದ ಹಾಡು

ಗಂಟಲಲ್ಲಿ ಗಂಟು ಬೆಳೆದಿದೆ, ಇನ್ನು ದನಿ ಎತ್ತಿ ಹಾಡಿದರೆ ಆಡುವ ಮಾತೂ ಉಳಿಯುವುದಿಲ್ಲ ಎಂದು ಉಮರ್ಗಾದ ಡಾಕ್ಟರು ಹೇಳಿದಾಗ ನಮ್ಮ ದೊಡ್ಡವ್ವ ಹೆದರಲಿಲ್ಲ. ಹೊರಗೆ ಬಂದು ದವಾಖಾನೆಯ ಕಟ್ಟೆಯ ಮೇಲೆ ಕುಳಿತು, ಸಂಚಿಯಿಂದ ಎಲೆ ತೆಗೆದು ಸುಣ್ಣ ಹಚ್ಚುತ್ತ, "ಹೋಗೋದು ಹೆಂಗೂ ಹೋಗ್ತದ. ಹೋಗೋಕಿಂತ ಮೊದಲ ಒಮ್ಮಿ ಪೂರಾ ಹಾಡಿಬಿಡ್ತೀನಿ. ನೀ ಅದನ್ನ ಹಿಡಿದಿಡೋ ಬಂದೋಬಸ್ತ್ ಮಾಡು," ಎಂದಳು.

"ಡಾಕ್ಟರ್ ಈಗ ಏನಂದ್ರು, ಕೇಳ್ದಿ ಇಲ್ಲ?"

"ಅಂವಗೇನ್ ಗೊತ್ತು? ಅಂವಾ ಗಂಟಲ ನೋಡ್ಯಾನ, ಹಾಡು ನೋಡ್ಯಾನೇನು?"

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಗಡಿಯಾಚೆಯ ಗುಂಜೋಟಿಯಲ್ಲಿ ಕುರಿ ಸಾಕಿದ ಮನೆ, ಬೀರಪ್ಪನ ಒಕ್ಕಲು. ನಾನು ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ಕನ್ನಡದ ಅಕ್ಷರಗಳನ್ನು ದೊಡ್ಡಪ್ಪ ಹಾಸುಗಲ್ಲಿನ ಮೇಲೆ ಬೂದಿ ಹರವಿ ಬೆರಳು ಹಿಡಿದು ತಿದ್ದಿಸಿದ. ಆದರೆ ಮಾತು, ಬೈಗುಳ, ನಗೆಚಾಟಿಕೆ ಎಲ್ಲವೂ ದೊಡ್ಡವ್ವನ ಬಾಯಿಂದಲೇ ನನಗೆ ಬಂದವು. ಹಾಡು ಮಾತ್ರ ಬರಲಿಲ್ಲ. ನನ್ನ ದನಿ ಕೇಳಿದರೆ ಕುರಿಗಳು ಬೇರೆ ದಾರಿ ಹಿಡಿಯುತ್ತವೆ ಎಂದು ಆಕೆಯೇ ಅನ್ನುತ್ತಿದ್ದಳು.

ಬೀರಪ್ಪನ ಆ ದೊಡ್ಡ ಹಾಡು ಆಕೆಗೆ ತನ್ನ ತಾಯಿಯಿಂದ ಬಂದದ್ದು. ಎಳೆಬಿಸಿಲಲ್ಲಿ ಹಿಡಿದರೆ ಅಂಗಳದ ನೆರಳು ಒಂದು ಗೋಡೆ ಬಿಟ್ಟು ಇನ್ನೊಂದು ಗೋಡೆಗೆ ಹೋಗುವವರೆಗೆ ಮುಗಿಯುವುದಿಲ್ಲ. ಹಿಡಿಯುವ ಮುಂಚೆ ಹಾಡುವವರು ಬಲಗೈಗೆ ಕರಿ ಉಣ್ಣೆಯ ದಾರ ಕಟ್ಟಿಕೊಳ್ಳಬೇಕು, ಕೇಳಲು ಕೂತವರೂ ಕಟ್ಟಿಕೊಳ್ಳಬೇಕು. ಮಂಗಳ ಹಾಡಿದ ಮೇಲೆಯೇ ಅದನ್ನು ಬಿಚ್ಚುವುದು. ನಡುವೆ ಹಾಡು ತುಂಡಾಗಬಾರದು. ಹಾಡುವಾಕೆಗೆ ನೀರು ಬೇಕಾದರೆ ಪಕ್ಕದವರೊಬ್ಬರು ಬಾಯಿ ಮುಚ್ಚಿ 'ಹೂಂ' ಎಂದು ಸೂರು, ಅಂದರೆ ಶ್ರುತಿ, ಹಿಡಿದುಕೊಂಡಿರಬೇಕು, ಕುರುಬ ಬುತ್ತಿ ಬಿಚ್ಚಿದಾಗ ಇನ್ನೊಬ್ಬ ಹಿಂಡಿನ ಮುಂದೆ ಕೋಲು ಹಿಡಿದು ನಿಲ್ಲುವ ಹಾಗೆ. ಆಕೆ ನೀರು ಕುಡಿದು ಕೈ ಎತ್ತಿದಾಗ ಸೂರು ತಿರುಗಿ ಆಕೆಗೆ ಒಪ್ಪಿಸಬೇಕು.

ಈ ಹಾಡು ಈಗ ಆಕೆಯನ್ನು ಬಿಟ್ಟರೆ ಬೇರೆ ಯಾರಿಗೂ ಬರುವುದಿಲ್ಲ. ಕಲಿಯುವ ಹಂಬಲವಿದ್ದವಳು ದಾಳಿಂಬ ಊರಿನಿಂದ ಬಂದ ಆಕೆಯ ಸೊಸೆ ಒಬ್ಬಳೇ. ಆಕೆ ಕಲಿಯಬೇಕಾದರೆ ಹಾಡು ಎಲ್ಲಾದರೂ ಇಡಿಯಾಗಿ ಉಳಿದಿರಬೇಕು.

"ಒಂದೇ ಮಾತು," ಎಂದಳು ದೊಡ್ಡವ್ವ. "ಮಶೀನಿನೊಳಗೂ ತುಂಡಾಗಬಾರ್ದು. ಹಿಂದ ಒಂದು, ಮುಂದ ಒಂದು ಅಂತ ಇಡಬ್ಯಾಡ. ಒಂದೇ ಇರ್ಬೇಕು."

ನಾನು ಉಮರ್ಗಾದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು. ಒಂದು ಹಳೆಯ ವಿಂಡೋಸ್ ಕಂಪ್ಯೂಟರ್ ಇದೆ, ಕ್ಯಾಮೆರಾ ಇಲ್ಲ. ಕ್ಯಾಮೆರಾ ಇದ್ದದ್ದು ನನ್ನ ದೋಸ್ತನ ಹತ್ತಿರ. ಅವನು ನಿಲಂಗಾದ ಕಡೆಯ ಒಕ್ಕಲುತನದ ಮನೆಯವನು, ಕೊರಳಲ್ಲಿ ಲಿಂಗ, ಬಾಯಲ್ಲಿ ಅರ್ಧ ಮರಾಠಿ. ಉದಗೀರದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಈಗ ಅವನು ಉದಗೀರದಲ್ಲೇ ಮದುವೆಗಳ ವಿಡಿಯೊ ತೆಗೆಯುವ ಸ್ಟುಡಿಯೊ ನಡೆಸುತ್ತಾನೆ. ಹೊಸದಾಗಿ ಮ್ಯಾಕ್ ಕೊಂಡಿದ್ದ, ಅದನ್ನು ದೇವರ ಪೆಟ್ಟಿಗೆಯ ಹಾಗೆ ಒರೆಸಿ ಮುಚ್ಚಿಡುತ್ತಿದ್ದ. ಕಾಲೇಜಿನ ರಜೆಯಲ್ಲಿ ಗುಂಜೋಟಿಗೆ ಬಂದರೆ ದೊಡ್ಡವ್ವ ಅವನಿಗೂ ನನಗೂ ಒಂದೇ ಗಂಗಾಳದಲ್ಲಿ ಬಡಿಸುತ್ತಿದ್ದಳು. ಅವನ ಮದುವೆಗೆ ತಾನೇ ನೂತ ಉಣ್ಣೆಯ ಕಂಬಳಿ ಕೊಟ್ಟಿದ್ದಳು.

ಫೋನಿನಲ್ಲಿ ವಿಷಯ ಹೇಳುತ್ತಿದ್ದ ಹಾಗೆ, "ಟೆನ್ಶನ್ ಘೇಊ ನಕೋ, ತಲಿ ಕೆಡಿಸ್ಕೋಬ್ಯಾಡ. ಅವ್ವಂದು ಅಂದ್ರ ನಂದೂ ಕೆಲಸ," ಎಂದ. ಆ ಮಾತು ಆಡಿದಾಗ ಅವನು ಸುಳ್ಳು ಆಡುತ್ತಿರಲಿಲ್ಲ ಎಂದು ಈಗಲೂ ನಂಬಿದ್ದೇನೆ. ನನಗೆ ನೋವಾಗುವುದೂ ಅದಕ್ಕೇ.

ಹೇಳಿದ ದಿನ ಬಂದ. ಅಂಗಳದ ಬೇವಿನ ಮರದ ಕೆಳಗೆ ಕ್ಯಾಮೆರಾ ನಿಲ್ಲಿಸಿದ. ದೊಡ್ಡವ್ವ ನಮ್ಮಿಬ್ಬರ ಕೈಗೂ ಸೊಸೆಯ ಕೈಗೂ ದಾರ ಕಟ್ಟಿದಳು. ಅವನ ಕೈಗೆ ಕಟ್ಟುವಾಗ, "ಗಡಿಯಾರ ತೆಗೀ, ಬೀರಪ್ಪಗ ಟೈಮ್ ಹೇಳಬ್ಯಾಡ," ಎಂದು ಗದರಿ, ತಾನೇ ಬಿಚ್ಚಿ ಅವನ ಜೇಬಿಗೆ ಹಾಕಿದಳು.

ಆ ದನಿಯನ್ನು ನಾನು ಏನೆಂದು ಬರೆಯಲಿ? ಮೊದಮೊದಲು ಒಣಗಿದ ಜೋಳದ ದಂಟು ತಿಕ್ಕಿದ ಹಾಗಿತ್ತು. ಆಮೇಲೆ ಒಳಗಿನಿಂದ ಹಸಿಯಾಯಿತು. ಆಕೆ ನೀರು ಕೇಳಿದಾಗಲೆಲ್ಲ ನಾನು ಸೂರು ಹಿಡಿದೆ. ಕೊನೆಕೊನೆಗೆ ಹಾಡು ದಾರಿಯ ಭಾಗಕ್ಕೆ ಬಂತು. ಬೀರಪ್ಪ ಹಿಂಡು ಹೊಡೆದುಕೊಂಡು ಹೋಗುತ್ತ ಎಲ್ಲೆಲ್ಲಿ ಇಳಿದ ಎಂದು ಅಲ್ಲಿ ಹೇಳುತ್ತಾರೆ. ಒಂದೇ ಸಾಲು, ಪ್ರತಿ ಸಲ ಜಾಗದ ಹೆಸರೊಂದೇ ಬೇರೆ. ಇಂಥ ಹಳ್ಳ, ಇಂಥ ಹುಣಸೆ, ಇಂಥ ಬಾವಿಯ ಕಲ್ಲು. ದೇವರ ದಾರಿ ಎನ್ನುತ್ತಾರೆ, ಆದರೆ ಅದು ದೊಡ್ಡವ್ವನ ತಾಯಿ ಚಳಿಗಾಲದಲ್ಲಿ ಕುರಿ ಹೊಡೆದುಕೊಂಡು ಮಾಕಣಿಯ ಕಡೆ ನಡೆದ ದಾರಿಯೂ ಹೌದು. ಅವುಗಳಲ್ಲಿ ಎಷ್ಟೋ ಜಾಗಗಳು ಈಗ ಮಾಕಣಿಯ ಡ್ಯಾಮಿನ ನೀರಿನ ಕೆಳಗಿವೆ. ಆ ಹುಣಸೆಯ ನೆರಳು ಇನ್ನು ಎಲ್ಲಾದರೂ ಇದ್ದರೆ ಆ ಸಾಲಿನಲ್ಲಿ ಮಾತ್ರ.

ಅಲ್ಲಿ ಆಕೆಯ ಗಂಟಲು ಹಿಡಿಯಿತು. ನೀರಿಗೆ ಕೈ ಚಾಚಿದಳು. ಅದೇ ಹೊತ್ತಿಗೆ ನನಗೆ ಕೆಮ್ಮು ಬಂದು ಬಾಯಿಗೆ ಟವೆಲ್ ಒತ್ತಿಕೊಂಡೆ. ಸೂರು ಬಿತ್ತು ಅನ್ನುವಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ 'ಹೂಂ' ಎಂದು ಕೇಳಿತು. ಅವನೇ ಹಿಡಿದಿದ್ದ. ತುಸು ಎಮ್ಮೆಕರುವಿನ ದನಿಯಾದರೂ ಬಿಡಲಿಲ್ಲ. ಹಣೆಯ ನರ ಉಬ್ಬುವ ತನಕ ಹಿಡಿದು, ಆಕೆ ಕೈ ಎತ್ತಿದ ಮೇಲೆ ಒಪ್ಪಿಸಿದ. ದೊಡ್ಡವ್ವ ನಗು ತಡೆದು ಹಾಡು ಎತ್ತಿಕೊಂಡಳು.

ಮಂಗಳವಾದ ಮೇಲೆ ಅವನ ದಾರ ತಾನೇ ಬಿಚ್ಚಿ, ಕೆನ್ನೆ ಸವರಿ, "ನೀ ಇರ್ಲಿಲ್ಲಂದ್ರ ಇವತ್ತ ಹಾಡು ಸತ್ತಿತ್ತಪ್ಪಾ," ಎಂದಳು. ಅದೇ ಆಕೆ ಗಟ್ಟಿಯಾಗಿ ಆಡಿದ ಕೊನೆಯ ಮಾತು. ಮರುದಿನದಿಂದ ಆಕೆಯದು ಪಿಸುಮಾತು.

ಅವನು ಎಲ್ಲವನ್ನೂ ಮ್ಯಾಕಿನಲ್ಲಿ ಇಳಿಸಿ, ಹಾಡನ್ನು ಒಂದೇ ಫೈಲ್ ಮಾಡಿಟ್ಟ. ಅದನ್ನು ಉಮರ್ಗಾಕ್ಕೆ ತರುವುದಷ್ಟೇ ಉಳಿದಿತ್ತು.

ನಾನು ಪೆನ್ ಡ್ರೈವ್ ಜೇಬಿಗಿಟ್ಟುಕೊಂಡು, ನಿಲಂಗಾದಲ್ಲಿ ಎಸ್ಟಿ ಬಸ್ಸು ಬದಲಿಸಿ ಉದಗೀರ ಮುಟ್ಟಿದೆ. ಅಂಗಡಿಯ ಒಂದಿಷ್ಟು ಕಾಗದಪತ್ರ ಬಿಟ್ಟರೆ ಪೆನ್ ಡ್ರೈವಿನ ಹೊಟ್ಟೆ ಖಾಲಿ, ಹಾಡಿನಂಥವು ನಾಲ್ಕು ಹಿಡಿಸುವಷ್ಟು ಜಾಗ. ಆದರೂ ಫೈಲ್ ತುಂಬ ದೊಡ್ಡದು ಎಂದು ಹೇಳಿ ಹೊರಗೇ ನಿಲ್ಲಿಸಿತು.

"ಜಾಗಾ ಅದ, ಒಲ್ಲೆ ಅಂತದಲ್ಲೋ?"

"ಇದು ಹಳೀ ಪದ್ಧತಿದು," ಎಂದ ಅವನು. "ಸಣ್ಣ ಸಣ್ಣವು ನೂರು ಹಾಕು, ನುಂಗ್ತದ. ನಾಲ್ಕು ಜೀಬಿ ಮ್ಯಾಲಿಂದು ಒಂದೇ ಅಂದ್ರ ಬಾಗಲಾ ಮುಚ್ಚತದ. ತುಂಡು ಮಾಡಿದ್ರ ಈಗಿಂದೀಗ ಕೊಡ್ತೀನಿ."

"ತುಂಡು ಮಾಡಂಗಿಲ್ಲ. ನಿನಗ ಗೊತ್ತದಲ್ಲ."

"ಗೊತ್ತದ, ಗೊತ್ತದ," ಎಂದು ನಕ್ಕ. ನಾನು ಪೆನ್ ಡ್ರೈವನ್ನು ಅವನ ಮೇಜಿನ ಮೇಲೇ ಬಿಟ್ಟು ಬಂದೆ.

ಎರಡನೆಯ ಸಲ ಅಂಗಡಿಯ ಹಾರ್ಡ್ ಡಿಸ್ಕ್ ಒಯ್ದೆ. ಅದು ವಿಂಡೋಸಿನ ಮನೆಯಲ್ಲಿ ಹುಟ್ಟಿ ಬೆಳೆದದ್ದು. ಮ್ಯಾಕ್ ಅದರೊಳಗೆ ಇರುವುದನ್ನೆಲ್ಲ ಓದಿ ತೋರಿಸಿತು, ಒಂದಕ್ಷರ ಬರೆಯಲು ಒಪ್ಪಲಿಲ್ಲ. ಸಿಟ್ಟಿನ ಬೀಗರು ಮದುವೆಗೆ ಬಂದು ಚಪ್ಪರ ನೋಡಿ, ಊಟಕ್ಕೆ ಕೈ ಹಚ್ಚದೆ ಹೋದ ಹಾಗೆ. ಆಗ ದೋಸ್ತ ತನ್ನ ಡಿಸ್ಕೊಂದಕ್ಕೆ ಹಾಡು ಹಾಕಿಕೊಟ್ಟ. ಅದನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನ ಕುಲುಕಾಟಕ್ಕೆ ಪೆಟ್ಟಾಗದಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ನನ್ನ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ಈ ಡಿಸ್ಕಿನ ಗುರುತೇ ಇಲ್ಲ ಎಂದಿತು. ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಮರ್ಯಾದೆಯಿಂದ ಕೇಳಿತು. ಹೂಂ ಎಂದಿದ್ದರೆ ದೊಡ್ಡವ್ವನ ದನಿ ಅಲ್ಲಿಗೇ ಬೂದಿ. ಬೇಡ ಎಂಬುದನ್ನು ಒತ್ತಿ, ಮತ್ತೆ ಟವೆಲ್ಲಿನಲ್ಲಿ ಸುತ್ತಿ, ಉದಗೀರಕ್ಕೆ ಒಯ್ದು ಅವನ ಕೈಗೇ ಕೊಟ್ಟೆ. ಅವನ ಹತ್ತಿರ ಇದ್ದರೆ ಭದ್ರ ಎಂದು.

ಇಂಟರ್ನೆಟ್ಟಿನಲ್ಲಿ ಕಳಿಸಿ ನೋಡಿದ್ದೂ ಆಯಿತು. ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ. ಹಾಡು ನನ್ನ ಕಂಪ್ಯೂಟರಿನ ಹೊಸ್ತಿಲು ತುಳಿದು ತುಳಿದು ಹಿಂದೆ ಹೋಗುತ್ತಿತ್ತು.

ಅತ್ತ ದೊಡ್ಡವ್ವ ಸೊಸೆಯ ಕೈಯಿಂದ ಫೋನ್ ಮಾಡಿಸುತ್ತಿದ್ದಳು. "ಮಾವಾ, ಅತ್ತಿ ಕೇಳ್ಲಾಕತ್ತಾರ," ಎನ್ನುತ್ತಿದ್ದಳು ಸೊಸೆ, "ನಮ್ಮ ಹಾಡು ನಿಲಂಗಾ ದಾಟ್ಯದೋ ಇಲ್ಲೋ ಅಂತ. ಕುರಿ ಹೊಡಕೊಂಡು ಬಂದಿದ್ರ ಇಷ್ಟೊತ್ತಿಗಿ ಮುಟ್ಟತಿದ್ವಂತ."

ಕಡೆಗೊಂದು ಮಧ್ಯಾಹ್ನ ದೋಸ್ತನ ಫೋನು ಬಂತು. "ಬಾ. ಝಾಲಂ ಕಾಮ್, ಕೆಲಸ ಆಯ್ತು."

ಹೋದೆ. ನನ್ನ ಅದೇ ಹಳೆಯ ಪೆನ್ ಡ್ರೈವಿನಲ್ಲಿ ಹಾಡು ಕೂತಿತ್ತು. ಒಂದೇ ಫೈಲ್.

"ಪೂರಾ ಅದೇನೋ?"

"ಪೂರಾ ಅದ. ಆಣಿ ಮಾಡ್ಲೇನು? ಚಹಾ ಕುಡಿ."

ಮೊದಲ ದಿನ ಒಲ್ಲೆ ಎಂದ ಪೆನ್ ಡ್ರೈವ್ ಈಗ ಹೇಗೆ ಒಪ್ಪಿತು ಎಂದು ನಾನು ಕೇಳಲಿಲ್ಲ. ಒಂದೇ ಗಂಗಾಳದಲ್ಲಿ ಉಂಡವನ ಮಾತಿಗೆ ಮೇಲೊಂದು ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿಲ್ಲ. ಕುಣಿಯುತ್ತ ಬಸ್ ಹತ್ತಿದೆ.

ಮುಂದಿನ ಅಮಾವಾಸ್ಯೆಗೆ ಅಂಗಡಿಯ ಕಂಪ್ಯೂಟರನ್ನು, ಅದರ ಸ್ಪೀಕರುಗಳ ಸಮೇತ, ಆಟೋದಲ್ಲಿ ಹೇರಿಕೊಂಡು ಗುಂಜೋಟಿಗೆ ಹೋದೆ. ಪಡಸಾಲೆಯಲ್ಲಿ ಬೀರಪ್ಪನ ಗೂಡಿನ ಎದುರಿಗೇ ಅದಕ್ಕೆ ಕಂಬಳಿ ಹಾಸಿ ಕೂಡಿಸಿದರು. ಸೊಸೆ ಪರದೆಗೂ ಒಂದು ಬೊಟ್ಟು ಭಂಡಾರದ ಅರಿಶಿನ ಹಚ್ಚಿದಳು. ದೊಡ್ಡವ್ವ ಎಲ್ಲರ ಕೈಗೂ ದಾರ ಕಟ್ಟಿ, ತನ್ನ ಕೈಗೂ ಕಟ್ಟಿಸಿಕೊಂಡು ಕುಳಿತಳು.

ಹಾಡು ಶುರುವಾಯಿತು. ತನ್ನದೇ ದನಿ ಕೇಳಿ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ಹಾಡಿನೊಂದಿಗೆ ನಡೆದಳು. ಸೊಸೆ ತುಟಿಯಲ್ಲೇ ಸಾಲು ಹಿಡಿದುಕೊಳ್ಳುತ್ತಿದ್ದಳು. ದಾರಿಯ ಭಾಗ ಬಂತು. ಮೊದಲ ಹಳ್ಳ. ದೊಡ್ಡವ್ವ ಸೊಸೆಯ ಮಂಡಿ ತಟ್ಟಿ ಪಿಸುಗುಟ್ಟಿದಳು:

"ಈಗ ಕೇಳವಾ. ಇನ್ನೊಂದೀಟಿಗಿ ನಿಲಂಗಾದ ಎಮ್ಮಿಕರ ಕೂಗತದ."

ನಾವು ಮೂವರೂ ನಗಲು ತಯಾರಾಗಿ ಕೂತೆವು. ಹುಣಸೆ ಬರಲಿಲ್ಲ. ಡ್ಯಾಮಿನ ಕೆಳಗಿನ ಬಾವಿ ಬರಲಿಲ್ಲ. 'ಹೂಂ' ಬರಲಿಲ್ಲ. ಒಂದು ಹಳ್ಳ ಇಳಿದ ಬೀರಪ್ಪ ಮರು ಉಸಿರಿಗೇ ಗುಡಿಯ ಬಾಗಿಲಲ್ಲಿ ನಿಂತಿದ್ದ. ಮಂಗಳ ಶುರುವಾಗಿತ್ತು.

ದೊಡ್ಡವ್ವನ ಬೆರಳು ತೊಡೆಯ ಮೇಲೆ ನಿಂತುಬಿಟ್ಟಿತು. ಕಣ್ಣು ತೆರೆದು ನನ್ನ ಕಡೆ ನೋಡಿದಳು.

"ಅಂವಾ ಸೂರು ಹಿಡದಿದ್ದು ಎಲ್ಲಿ ಹೋಯ್ತೋ?"

ನಾನು ಹಿಂದೆ ತಿರುಗಿಸಿ ಮತ್ತೆ ಹಾಕಿದೆ. ಮತ್ತೆ ಹಾಕಿದೆ. ಜೋಡಿಸಿದ ಜಾಗ ಕಣ್ಣಿಗೆ ಕಾಣದಷ್ಟು ಚಂದ ಕೂಡಿಸಿದ್ದ. ಕಸುಬುದಾರ. ಬೇವಿನ ಎಲೆಯ ನೆರಳು ಮಾತ್ರ ಆಕೆಯ ಭುಜದ ಮೇಲೆ ತಟ್ಟನೆ ಒಂದು ಗೇಣು ಸರಿದಿತ್ತು.

ಮಂಗಳ ಮುಗಿಯಿತು. ನಾನು ದಾರಕ್ಕೆ ಕೈ ಹಚ್ಚಿದೆ. ಸೊಸೆ ಅತ್ತೆಯ ಮುಖ ನೋಡಿದಳು. ದೊಡ್ಡವ್ವ, "ನೀವ್ ಬಿಚ್ಚಿರಿ. ನೀವ್ ಕೇಳಾಕ ಬಂದವ್ರು. ನಾ ಹಾಡಿದಾಕಿ," ಎಂದಳು. ತನ್ನದನ್ನು ಬಿಚ್ಚಲಿಲ್ಲ.

ಮರುದಿನ ಉದಗೀರಕ್ಕೆ ಹೋದೆ. ದಾರಿಯುದ್ದಕ್ಕೂ ಅವನ ಪರವಾಗಿ ನಾನೇ ವಕಾಲತ್ತು ಮಾಡುತ್ತಿದ್ದೆ. ಯಂತ್ರದ ತಪ್ಪಿರಬೇಕು. ನಕಲು ಮಾಡುವಾಗ ಉದುರಿರಬೇಕು. ಅವನಿಗೆ ಗೊತ್ತೇ ಇರಲಿಕ್ಕಿಲ್ಲ. ನಿಲಂಗಾ ದಾಟುವ ತನಕ ನನ್ನ ವಾದ ಗೆಲ್ಲುತ್ತಿತ್ತು.

ಸ್ಟುಡಿಯೊದಲ್ಲಿ ಗಿರಾಕಿಯೊಬ್ಬ ಕೂತಿದ್ದ, ಮಗಳ ಮದುವೆಯ ವಿಡಿಯೊ ಒಯ್ಯಲು ಬಂದವನು. ಅವನ ಪೆನ್ ಡ್ರೈವೂ ನನ್ನದರ ಹಾಗೆಯೇ ದೊಡ್ಡ ಫೈಲನ್ನು ಒಲ್ಲೆ ಎಂದಿತು. ದೋಸ್ತ ನನಗೆ, "ಕೂಡು, ಕೂಡು," ಎನ್ನುತ್ತ, ಅದರಲ್ಲಿದ್ದದ್ದನ್ನು ಒಂದು ಕಡೆ ತೆಗೆದಿಟ್ಟು, ಪೆನ್ ಡ್ರೈವನ್ನು ಅಳಿಸಿ ಬೇರೆ ರೀತಿಯಲ್ಲಿ ಸಿದ್ಧಮಾಡಿ ಫೈಲ್ ಹಾಕಿದ. ಇಡೀ ಮದುವೆ ಒಂದೇ ಫೈಲಾಗಿ ಒಳಗೆ ಹೋಯಿತು. ಗಿರಾಕಿ ಚಹಾ ಮುಗಿಸುವಷ್ಟರಲ್ಲಿ ಕೆಲಸ ಆಗಿತ್ತು.

"ಏನ್ ಮಾಡ್ದಿ ಅದಕ್ಕ?" ಎಂದೆ.

"ಎಕ್ಸ್‌ಫ್ಯಾಟ್ ಅಂತಾರ. ಮ್ಯಾಕಿಗೂ ನಡೀತದ, ವಿಂಡೋಸಿಗೂ ನಡೀತದ. ದೊಡ್ಡದೂ ಹಿಡಸ್ತದ."

ಗಿರಾಕಿ ಹೊರಟುಹೋದ. ನಾನು ಜೇಬಿನಿಂದ ನನ್ನ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟೆ.

"ಇದು ನಿನಗ ಮೊದಲಿಂದ ಗೊತ್ತಿತ್ತು?"

ನಾನು ಯಾಕೆ ಬಂದಿದ್ದೇನೆಂದು ಅವನಿಗೆ ಆಗ ತಿಳಿಯಿತು.

"ಅರೇ ಯಾರ್... ನೀ ಪೆನ್ ಡ್ರೈವ್ ಇಲ್ಲೇ ಬಿಟ್ಟು ಹೋಗಿದ್ದಿ. ಅದರಾಗ ನಿನ್ನ ಅಂಗಡೀವು ಏನೇನೋ ಇದ್ವು. ಅವನ್ನ ತೆಗದಿಡಬೇಕು, ನಿನಗ ಕೇಳಬೇಕು, ಅಳಸಬೇಕು. ಲಗ್ನದ ಸೀಜನ್, ತಲಿ ಎತ್ತಲಾಕ ಪುರಸತ್ತಿಲ್ಲ. ಸ್ವಲ್ಪ ಸಣ್ಣದು ಮಾಡಿದ್ರ ಕೂಡ್ತಿತ್ತು. ಮಾಡ್ದೆ."

"ಯಾವದು ಸಣ್ಣದು ಮಾಡ್ದಿ?"

"ಬರೇ ಊರ ಹೆಸರೋ ಮಾರಾಯಾ! ಒಂದೇ ಸಾಲು ಎಷ್ಟೋ ಸಲ ಬರ್ತದ. ನಾವು ಲಗ್ನದಾಗ ಅಕ್ಷತಾ ಒಂದೊಂದೇ ತೋರಸ್ತೀವೇನು? ಕಟ್ ಮಾಡೇ ಮಾಡ್ತೀವಿ. ಯಾರಿಗೂ ಗೊತ್ತಾಗಂಗಿಲ್ಲ."

"ನಿನ್ನ ದನಿ ಅಲ್ಲೇ ಇತ್ತಲ್ಲೋ."

ಅವನು ಮೌಸನ್ನು ಸುಮ್ಮನೆ ಅತ್ತಿತ್ತ ಸರಿಸಿದ. "ಅದು ಛಲೋ ಕೇಳಸ್ತಿರ್ಲಿಲ್ಲ," ಎಂದ.

"ಆಕಿ ನಿನ್ನ ಕೈಗಿ ದಾರ ಕಟ್ಟಿದ್ಳು. ಹಾಡು ಬೀಳಬಾರ್ದಂತ ನೀನೇ ಹಿಡದಿದ್ದಿ. ನಿನ್ನ ಕೈಯಾರ ಅದನ್ನ ಕೊಯ್ದ್ಯಲ್ಲೋ. ಮ್ಯಾಲ ಪೂರಾ ಅದ, ಆಣಿ ಮಾಡ್ಲೇನು ಅಂದಿ."

"ಆಣಿ ಮಾಡಲಿಲ್ಲಲ್ಲ," ಎಂದ. ಅಂದ ಮೇಲೆ ತಾನೇ ತಲೆ ತಗ್ಗಿಸಿದ.

"ಆ ಗಿರಾಕೀಗಿ ಮಾಡಿಕೊಟ್ಟಿ. ನನಗ್ಯಾಕ ಮಾಡಲಿಲ್ಲ?"

"ಗಿರಾಕಿ ಜಗಳಾಡ್ತಾನೋ. ನೀ ಮನ್ಯಾವ, ನೀ ನಂಬತಿ."

ಕೋಪ ಬಂದಿದ್ದರೆ ಸುಲಭವಿತ್ತು. ನನಗೆ ಬಂದದ್ದು ಕೋಪವಲ್ಲ. ನಡೆಯುತ್ತ ನಡೆಯುತ್ತ ಮೆಟ್ಟಿಲು ಇದೆಯೆಂದು ಕಾಲಿಟ್ಟರೆ ಇಲ್ಲದಿದ್ದಾಗ ಆಗುತ್ತದಲ್ಲ, ಅದು. ಇಷ್ಟು ವರ್ಷ ಯಾವುದನ್ನು ನಮ್ಮ ನಡುವಿನ ಬಲ ಎಂದುಕೊಂಡಿದ್ದೆನೋ, ಅವನಿಗೆ ಅದು ಕೆಲಸ ಹಗುರ ಮಾಡಿಕೊಳ್ಳುವ ದಾರಿಯಾಗಿತ್ತು.

ಮೂಲದ ಹಾಡು ಎಲ್ಲಿ ಎಂದು ಕೇಳಿದೆ. ಮ್ಯಾಕಿನಲ್ಲಿ ಜಾಗ ಬೇಕಾಗಿ ತೆಗೆದುಹಾಕಿದ್ದ, ಕ್ಯಾಮೆರಾದ ಕಾರ್ಡಿನ ಮೇಲೆ ಎಷ್ಟೋ ಮದುವೆಗಳು ಆಗಿಹೋಗಿದ್ದವು. ನಾನು ತೊಡೆಯ ಮೇಲಿಟ್ಟುಕೊಂಡು ತಂದು, ಬೇಡ ಎಂಬುದನ್ನು ಒತ್ತಿ ಕಾಪಾಡಿ, ತಿರುಗಿ ಅವನ ಕೈಗೆ ಒಪ್ಪಿಸಿದ ಡಿಸ್ಕು? ಅದನ್ನೂ ಫಾರ್ಮ್ಯಾಟ್ ಮಾಡಿ ಯಾರಿಗೋ ಕೊಟ್ಟಿದ್ದ. ನನ್ನ ಕಂಪ್ಯೂಟರ್ ಕನಿಷ್ಠ ನನ್ನನ್ನು ಕೇಳಿತ್ತು.

ಗುಂಜೋಟಿಗೆ ಹೋಗಿ ಹೇಳಿದೆ. ಸೊಸೆ ಗೋಡೆಗೆ ಮುಖ ಮಾಡಿ ಕುಳಿತಳು. ದೊಡ್ಡವ್ವ ಉಣ್ಣೆ ಹಿಂಜುತ್ತಲೇ ಕೇಳಿದಳು.

"ಜಗಳ್ಯಾಡಿ ಬಂದ್ಯೇನು?"

"ಇಲ್ಲ."

"ಆಡಬೇಕಿತ್ತು. ಜಗಳ್ಯಾಡಿದ್ರ ಬರ್ತಿದ್ದ." ಉಣ್ಣೆ ಪಕ್ಕಕ್ಕಿಟ್ಟು ಪಿಸುಗುಟ್ಟಿದಳು, "ಅಂವಗ ಹೇಳು. ಅವ್ವಗ ಸಿಟ್ಟಿಲ್ಲ ಅನ್ನು. ಬಂದು ಕೂಡಲಿ. ಬಿಟ್ಟ ಊರೆಲ್ಲಾ ನಾ ಬಾಯಿಮಾತಿಲೇ ಹೇಳ್ತೀನಿ, ಅಂವಾ ಹೂಂ ಅನ್ನಲಿ. ಎಲ್ಲಿ ಬಿಟ್ಟಾನ ಅಲ್ಲಿಂದ ಹಿಡೀಬೇಕಲ್ಲ? ಆಮ್ಯಾಲ ದಾರ ಬಿಚ್ಚತೀನಿ."

"ನಾ ಹೂಂ ಅಂತೀನಿ ದೊಡ್ಡವ್ವಾ."

"ನೀ ಅವತ್ತ ಕೆಮ್ಮಲಾಕತ್ತಿದ್ದಿ," ಎಂದಳು. ನಕ್ಕಳು ಕೂಡ. "ಆ ಸೂರು ಅಂವಂದು."

ಅವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬರ್ತೀನಿ ಎಂದ. ಸೀಜನ್ ಮುಗೀಲಿ ಎಂದ. ಆಮೇಲೆ ಫೋನ್ ಎತ್ತುವುದು ಕಡಿಮೆಯಾಯಿತು. ಹಬ್ಬಗಳಿಗೆ ಎಲ್ಲರಿಗೂ ಕಳಿಸುವ ಹೂವಿನ ಚಿತ್ರ ನನಗೂ ಬರುತ್ತದೆ, ಕೆಳಗೆ ಕೈ ಮುಗಿದ ಗುರುತು. ಅದಕ್ಕೆ ಏನು ಉತ್ತರ ಕೊಡಬೇಕೋ ನನಗೆ ತಿಳಿಯುವುದಿಲ್ಲ.

ಸೊಸೆ ಹಾಡು ಕಲಿಯುತ್ತಿದ್ದಾಳೆ. ನಾನು ಅಂಗಡಿಯಿಂದ ಆಕೆಗೆ ಉಳಿದ ಹಾಡು ಹಾಕಿ ಒಂದು ಸಣ್ಣ ಪ್ಲೇಯರ್ ತಂದುಕೊಟ್ಟೆ. ಮೊದಲ ಹಳ್ಳದ ತನಕ ಚಂದ ಹಾಡುತ್ತಾಳೆ. ಅಲ್ಲಿಗೆ ಬಂದರೆ ನಿಲ್ಲಿಸಿ ಬೇರೆ ಕೆಲಸಕ್ಕೆ ಏಳುತ್ತಾಳೆ. ಅತ್ತೆ ಮುಂದಿನ ಹೆಸರುಗಳನ್ನು ಹೇಳುವುದಿಲ್ಲ, ಸೊಸೆ ಕೇಳುವುದಿಲ್ಲ. ಸೂರು ಹಿಡಿಯುವವನು ಬಾರದೆ ಮುಂದೆ ಹೋಗಬಾರದೆಂದು ಇಬ್ಬರೂ ಒಪ್ಪಿಕೊಂಡ ಹಾಗಿದೆ. ಹೆಸರು ಮರೆತುಹೋದರೆ ಎಂದು ನನಗೆ ಭಯ. ಒಮ್ಮೆ ಮೊಬೈಲ್ ಮುಂದೆ ಹಿಡಿದು, "ಬರೇ ಹೆಸರಾದ್ರೂ ಹೇಳು," ಎಂದೆ. ದೊಡ್ಡವ್ವ ಮೊಬೈಲನ್ನು ನೋಡಿದಳು, ನನ್ನನ್ನು ನೋಡಿದಳು. "ಇದರಾಗೂ ಕಟ್ ಮಾಡಾಕ ಬರ್ತದೇನು?" ಎಂದು ಕೇಳಿದಳು. ಬರುತ್ತದೆ ಎಂದೆ. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಆಕೆಯ ಬಲಗೈಯ ದಾರ ಈಗ ಕರಿಯಾಗಿ ಉಳಿದಿಲ್ಲ. ರೊಟ್ಟಿಯ ಹಿಟ್ಟು, ಸಗಣಿ, ಅರಿಶಿನ ಹತ್ತಿ ಮಣ್ಣಿನ ಬಣ್ಣಕ್ಕೆ ತಿರುಗಿದೆ. ಒಂದು ಕಡೆ ಎಳೆ ಬಿಚ್ಚಿಕೊಂಡಿದ್ದನ್ನು ಸೊಸೆ ಸೂಜಿಯಿಂದ ಹೊಲಿದಿದ್ದಾಳೆ. ನಾನು ಗುಂಜೋಟಿಗೆ ಹೋದಾಗಲೆಲ್ಲ ಬೈಕಿನ ಸದ್ದಿಗೆ ದೊಡ್ಡವ್ವ ಬಾಗಿಲಿಗೆ ಬರುತ್ತಾಳೆ. ಮೊದಲು ನನ್ನ ಮುಖ ನೋಡುವುದಿಲ್ಲ. ಕತ್ತು ವಾರೆ ಮಾಡಿ, ಹಿಂದಿನ ಸೀಟಿನಿಂದ ಯಾರಾದರೂ ಇಳಿಯುತ್ತಾರೆಯೇ ಎಂದು ನೋಡುತ್ತಾಳೆ.